ಹಕ್ಕನ್ನು ಕೇಳುವುದು ಬೇಡುವುದೇ?



ಕಳೆದ ಶ್ರಾವಣ ಮಾಸದ ಒಂದು ಸೋಮವಾರ ದಾಸೋಹದ ಪಂಕ್ತಿ ಎದ್ದ ಮೇಲೆ ಸೋಮಂದೇಪಲ್ಲಿಯ ಕಡೆಯ ಹಿರಿಯ ಭಕ್ತರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು. ಅವರು ಹಿಂದೂಪುರದ ಮಂಡಿಯಲ್ಲಿ ಬೆಲ್ಲ ಮತ್ತು ಹುಣಿಸೆಹಣ್ಣಿನ ವ್ಯಾಪಾರ ಮಾಡುವವರು; ಜಾತ್ರೆ ಬಂತೆಂದರೆ ಹೇಳಿಸಿಕೊಳ್ಳದೆ ಅಕ್ಕಿಯ ಮೂಟೆ ಕಳುಹಿಸುವವರು. "ಕಾರ್ಯದರ್ಶಿಗಳೇ, ನಮ್ಮದು ಕಾಯಕ ಮಾಡಿ ದಾಸೋಹ ನಡೆಸುವ ಧರ್ಮ. ಕೊಡುವ ಕೈ ಆಗಬೇಕೇ ಹೊರತು ಚಾಚುವ ಕೈ ಆಗಬಾರದು ಅಂತ ನಮ್ಮಪ್ಪ ಹೇಳುತ್ತಿದ್ದರು. ಈಗ ನೋಡಿದರೆ ಮಠದ ಜಗಲಿಯಲ್ಲೇ ಕೂತು ಪಿಂಚಣಿ ಅರ್ಜಿ, ಸರ್ಕಾರದ ಸವಲತ್ತು ಅಂತ ಜನಕ್ಕೆ ಹೇಳಿಕೊಡುತ್ತಿದ್ದೀರಿ. ಇದು ಬೇಡುವುದನ್ನು ಕಲಿಸಿದ ಹಾಗಾಗಲಿಲ್ಲವೇ?" ಎಂದರು.

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನೋವಿತ್ತು. ಆ ಹೊತ್ತಿಗೆ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ವಿಚಾರ ಮಾಡಿ ಹೇಳುತ್ತೇವೆ" ಎಂದು ಕಳುಹಿಸಿದೆವು. ಇದೇ ಪ್ರಶ್ನೆ ಇನ್ನೂ ಅನೇಕ ಭಕ್ತರ ಮನಸ್ಸಿನಲ್ಲಿ ಇರಬಹುದೆಂದು ತಿಳಿದು, ಆ ಉತ್ತರವನ್ನು ಇಲ್ಲಿ ಎಲ್ಲರ ಮುಂದೆ ನಿವೇದಿಸುತ್ತಿದ್ದೇವೆ.

ಮೊದಲು ನಡೆದ ಸಂಗತಿಯೊಂದನ್ನು ಹೇಳಬೇಕು. ಮಠದ ದಾಸೋಹಕ್ಕೆ ನಾಲ್ಕು ವರ್ಷ ತಪ್ಪದೆ ಬರುತ್ತಿದ್ದ ಒಬ್ಬ ತಾಯಿ ಇದ್ದಾರೆ. ಹೆಸರು ಬೇಡ. ಅವರ ಯಜಮಾನರು ಮಾವನ ಹೆಸರಿನಲ್ಲಿದ್ದ ಎರಡು ಎಕರೆ ಹೊಲದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. 2019ರಲ್ಲಿ ಕಾಯಿಲೆ ಬಿದ್ದಾಗ ಮನೆಯವರು ಗಡಿಯಾಚೆ ಕರ್ನಾಟಕದ ಒಂದು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯೇ ಅವರು ಲಿಂಗೈಕ್ಯರಾದರು. ಊರಿಗೆ ತಂದು ಸಮಾಧಿ ಕ್ರಿಯೆ ನಡೆಸಿದ್ದಾಯಿತು. ಕೆಲವು ತಿಂಗಳ ಮೇಲೆ ಆ ತಾಯಿ ವಿಧವಾ ಪಿಂಚಣಿ ಕೇಳಲು ಹೋದರೆ ಮರಣ ಪತ್ರ ಬೇಕೆಂದರು. ಊರಿನಲ್ಲಿ ಕೇಳಿದರೆ, ಇಲ್ಲಿ ಸತ್ತಿಲ್ಲ, ಇಲ್ಲಿ ನಮೂದಾಗಿಲ್ಲ ಎಂದರು. ಎರಡು ಸಲ ಓಡಾಡಿದರು, ಮೂರನೆಯ ಸಲ ಹೋಗಲಿಲ್ಲ. ಮಠಕ್ಕೆ ಬಂದು ಉಣ್ಣುತ್ತಿದ್ದರು. ಉಂಡ ಮೇಲೆ ನಾಲ್ಕು ಪಾತ್ರೆ ಬೆಳಗದೆ ಒಂದು ದಿನವೂ ಎದ್ದು ಹೋದವರಲ್ಲ.

2023ರ ಕೊನೆಯಲ್ಲಿ ಉಗ್ರಾಣ ಸ್ವಚ್ಛ ಮಾಡುತ್ತಿದ್ದಾಗ ಮಾತಿಗೆ ಮಾತು ಬಂದು, "ನಮ್ಮ ಯಜಮಾನ್ರು ಸತ್ತ ಕಾಗದ ಸಿಗಲೇ ಇಲ್ಲ ಸ್ವಾಮಿ" ಎಂದರು. ವಿಚಾರಿಸಿದಾಗ ಎಲ್ಲ ತಿಳಿಯಿತು. ಜನನ ಮರಣ ನೋಂದಣಿಗೆ 1969ರ ಕಾಯ್ದೆ ಇದೆ. ಮನುಷ್ಯ ಎಲ್ಲಿ ವಾಸವಾಗಿದ್ದ, ಎಲ್ಲಿ ಮಣ್ಣಾದ ಎಂಬುದು ಅದಕ್ಕೆ ಮುಖ್ಯವಲ್ಲ. ಎಲ್ಲಿ ಪ್ರಾಣ ಹೋಯಿತೋ ಅಲ್ಲಿಯ ನೋಂದಣಿ ಕಚೇರಿಯಲ್ಲಿ ಬರೆಯಬೇಕು. ಆಸ್ಪತ್ರೆಯಲ್ಲಿ ಸತ್ತರೆ ತಿಳಿಸುವ ಹೊಣೆ ಆಸ್ಪತ್ರೆಯದೇ. ಬಸ್ಸು ಹತ್ತಿ ಆ ಪಟ್ಟಣಕ್ಕೆ ಅವರೊಡನೆ ಹೋದೆವು. ದಿನಾಂಕ ಹೇಳಿದೆವು, ಪುಸ್ತಕದಲ್ಲಿ ಹೆಸರಿತ್ತು. ಪತ್ರ ಕೈಗೆ ಬರಲು ಒಂದು ಬೆಳಗು ಸಾಕಾಯಿತು. ನಾಲ್ಕು ವರ್ಷದಿಂದ ಅದು ಅಲ್ಲಿಯೇ ಇತ್ತು. 2024ರ ಜನವರಿಯಿಂದ ಪಿಂಚಣಿ ಬರತೊಡಗಿತು. ಹಿಂದಿನದು ಬರಲಿಲ್ಲ, ಮಂಜೂರಾದ ದಿನದಿಂದ ಮಾತ್ರ ಎಂದರು.

ಲೆಕ್ಕ ಬರೆಯುವುದು ನಮ್ಮ ಕಾಯಕವಾದ್ದರಿಂದ ಅಂದು ರಾತ್ರಿ ಒಂದು ಲೆಕ್ಕ ಹಾಕಿದೆವು. 2020 ಮತ್ತು 2021ರಲ್ಲಿ ಆಂಧ್ರದಲ್ಲಿ ಈ ಪಿಂಚಣಿ ತಿಂಗಳಿಗೆ 2,250 ರೂಪಾಯಿ ಇತ್ತು. 2022ರಲ್ಲಿ 2,500. 2023ರಲ್ಲಿ 2,750. ಒಟ್ಟು 1,17,000 ರೂಪಾಯಿ. ಮಠದ ಪುಸ್ತಕಗಳಲ್ಲಿ ಅಕ್ಕಿ ಎಷ್ಟು ಮೂಟೆ, ಬೇಳೆ ಎಷ್ಟು ಕಿಲೋ ಎಂಬುದೆಲ್ಲ ತಪ್ಪಿಲ್ಲದೆ ಇದೆ. ಆದರೆ ನಮ್ಮ ಕಣ್ಣೆದುರಿಗೇ ಪಾತ್ರೆ ಬೆಳಗುತ್ತಿದ್ದ ಆ ತಾಯಿಯನ್ನು "ಅಮ್ಮಾ, ನಿಮಗೆ ಬರಬೇಕಾದದ್ದು ಬರುತ್ತಿದೆಯೇ?" ಎಂದು ನಾಲ್ಕು ವರ್ಷದಲ್ಲಿ ಒಂದು ದಿನ ಕೇಳಲಿಲ್ಲ. ಅನ್ನ ಹಾಕಿದ್ದೇವೆ ಎಂಬ ತೃಪ್ತಿ ನಮ್ಮ ಬಾಯಿ ಕಟ್ಟಿತ್ತು. ಜಗಲಿಯಲ್ಲಿ ಮೇಜು ಹಾಕಿದ್ದು ಅಂದಿನಿಂದ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ವ್ಯಾಪಾರಿ ಭಕ್ತರಿಗೆ ಅವರ ಭಾಷೆಯಲ್ಲಿಯೇ ಹೇಳುತ್ತೇವೆ. ನಿಮ್ಮ ಖಾತೆ ಪುಸ್ತಕದಲ್ಲಿ ಬರತಕ್ಕ ಬಾಕಿ ಎಂಬುದು ಒಂದು ಕಡೆ, ಕೊಡತಕ್ಕ ಬಾಕಿ ಎಂಬುದು ಒಂದು ಕಡೆ ಇರುತ್ತದೆ. ಬರತಕ್ಕ ಬಾಕಿ ವಸೂಲಿಗೆ ಹೊರಟ ಸಾಹುಕಾರನನ್ನು ಭಿಕ್ಷುಕ ಎಂದು ಯಾರೂ ಕರೆಯುವುದಿಲ್ಲ. ಬಾಕಿ ಕೇಳದೆ ಮೂರು ವರ್ಷ ಸುಮ್ಮನಿದ್ದರೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಲ ಕಾಲಬಾಧಿತವಾಗುತ್ತದೆ. ಅಂಥವನನ್ನು ನಾವು ವ್ಯವಹಾರ ತಿಳಿಯದವನು ಎನ್ನುತ್ತೇವೆಯೇ ಹೊರತು ಸ್ವಾಭಿಮಾನಿ ಎನ್ನುವುದಿಲ್ಲ. ಸಾಹುಕಾರನ ವಿಷಯದಲ್ಲಿ ಜಾಣತನವಾದದ್ದು ಬಡ ವಿಧವೆಯ ವಿಷಯದಲ್ಲಿ ಬೇಡುವಿಕೆ ಹೇಗಾದೀತು?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸಾಹುಕಾರ ಮಾಲು ಕೊಟ್ಟಿದ್ದಾನೆ, ಆದ್ದರಿಂದ ಬಾಕಿ. ಈ ತಾಯಿ ಸರ್ಕಾರಕ್ಕೆ ಏನು ಕೊಟ್ಟಿದ್ದಾಳೆ ಎಂದು. ಆಕೆ ನಲವತ್ತು ವರ್ಷ ಹೊಲದಲ್ಲಿ ಕಳೆ ಕಿತ್ತಿದ್ದಾಳೆ, ಕಾಯಿ ಬಿಡಿಸಿದ್ದಾಳೆ. ಆ ಕಾಯಿಯಿಂದ ಎಣ್ಣೆ ಗಾಣವೂ ನಡೆಯಿತು, ಮಂಡಿಯೂ ನಡೆಯಿತು. ಆಕೆ ಸೋಪು ಕೊಂಡರೂ ಅದರ ಬೆಲೆಯೊಳಗೆ ತೆರಿಗೆ ಇದೆ. ಇದನ್ನು ವ್ಯಾಪಾರಿಗಳಾದ ನಿಮಗೆ ನಾವು ಹೇಳಬೇಕಾಗಿಲ್ಲ. ಸರ್ಕಾರದ ಬೊಕ್ಕಸವೆಂಬುದು ಯಾರೊಬ್ಬರ ಮನೆಯ ಕಣಜವಲ್ಲ, ಎಲ್ಲರ ಕಾಯಕದಿಂದ ತುಂಬಿದ್ದು.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಪಿಂಚಣಿಯೆಂಬುದು ಸಾಲದ ಬಾಕಿಯಷ್ಟು ಗಟ್ಟಿಯಾದ ಹಕ್ಕಲ್ಲ. ಮುಪ್ಪು, ರೋಗ, ನಿರುದ್ಯೋಗಗಳಲ್ಲಿ ರಾಜ್ಯವು ತನ್ನ ಶಕ್ತಿಯ ಮಿತಿಯೊಳಗೆ ನೆರವಾಗಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ. ಅದು ನಿರ್ದೇಶಕ ತತ್ವ. ಅದೊಂದನ್ನೇ ಹಿಡಿದು ನ್ಯಾಯಾಲಯದಲ್ಲಿ ವಸೂಲಿ ಮಾಡಲಾಗದು. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕೆಂಬುದನ್ನು ಸರ್ಕಾರಗಳು ಕಾಲಕಾಲಕ್ಕೆ ಬದಲಿಸುತ್ತವೆ. ಆದರೆ ಒಮ್ಮೆ ನಿಯಮ ಮಾಡಿ, ಇಂಥವರಿಗೆ ಇಷ್ಟು ಎಂದು ಸಾರಿದ ಮೇಲೆ, ಆ ನಿಯಮಕ್ಕೆ ಒಳಪಟ್ಟ ಇಬ್ಬರಲ್ಲಿ ತಿಳಿದವಳಿಗೆ ಸಿಕ್ಕು ತಿಳಿಯದವಳಿಗೆ ತಪ್ಪುವುದು ನ್ಯಾಯವಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು 14ನೇ ವಿಧಿ ಹೇಳುತ್ತದೆ. ತಿಳಿವಳಿಕೆಯಲ್ಲಿ ಸಮಾನರಲ್ಲದವರು ಕಾನೂನಿನ ಮುಂದೆ ಸಮಾನರಾಗುವುದು ಹೇಗೆ? ಆ ಕೊರತೆಯನ್ನು ತುಂಬುವುದೇ ನಮ್ಮ ಮೇಜಿನ ಕೆಲಸ.

ಬೇಡುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 2006ರ ಫೆಬ್ರವರಿ 2ರಂದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಪ್ರಧಾನಿ ಮನಮೋಹನ ಸಿಂಗ್ ಅವರು ಚಾಲನೆ ಕೊಟ್ಟದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಅದಕ್ಕೆ ಹಿಂದೆ ಬರಗಾಲ ಬಂದರೆ ಸರ್ಕಾರ ಮನಸ್ಸು ಮಾಡಿ ಕಾಮಗಾರಿ ತೆರೆಯಬೇಕಿತ್ತು, ಜನ ಕಾಯಬೇಕಿತ್ತು. ಆ ಕಾಯ್ದೆ ಬಂದ ಮೇಲೆ ಕೂಲಿಯವನು ಕೆಲಸ ಬೇಕೆಂದು ಬರೆದು ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದಾಯಿತು. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ 125 ದಿನಗಳ ಹೊಸ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಅದರ ಗುಣದೋಷ ಬೇರೆಯೇ ಚರ್ಚೆ. ನಾವು ಹೇಳುವುದಿಷ್ಟು: ಆ ಕೂಲಿಯವನು ಕೇಳಿದ್ದು ಹಣವನ್ನಲ್ಲ, ಕೆಲಸವನ್ನು. ಕಾಯಕವನ್ನೇ ಹಕ್ಕಾಗಿ ಕೇಳುವವನನ್ನು ಭಿಕ್ಷುಕನೆಂದರೆ ಕಾಯಕತತ್ವಕ್ಕೆ ನಾವೇ ಅಪಚಾರ ಮಾಡಿದಂತೆ.

ಇದು ಮಠದ ಕೆಲಸವೇ ಎಂದು ಕೇಳುವವರೂ ಇದ್ದಾರೆ. ಮಠವು ಪೂಜೆ, ಪ್ರವಚನ ನೋಡಿಕೊಳ್ಳಲಿ, ಅರ್ಜಿಯ ಕೆಲಸಕ್ಕೆ ಬೇರೆಯವರಿದ್ದಾರೆ ಎಂಬುದು ಅವರ ವಾದ. ಬೇರೆಯವರು ಇದ್ದಾರೆ ನಿಜ. ಮಂಡಲ ಕಚೇರಿಯ ಮುಂದಿನ ಚಹದ ಅಂಗಡಿಯಲ್ಲಿ ಕುಳಿತು, ಉಚಿತವಾಗಿ ಆಗುವ ಕೆಲಸಕ್ಕೆ ಐನೂರು ಕೇಳುವ ದಳ್ಳಾಳಿಗಳು ಅವರು. ಹೇಳಿಕೊಡುವವರಿಲ್ಲದ ಜಾಗದಲ್ಲಿ ದಳ್ಳಾಳಿ ಹುಟ್ಟುತ್ತಾನೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕೆಂದು ದೇಶದ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದಕ್ಕೆ ಎಷ್ಟೋ ದಶಕ ಮೊದಲೇ ಮಠಗಳು ಆ ಕೆಲಸ ಮಾಡಿದ್ದವು. ಅಕ್ಷರ ಕಲಿಸುವುದು ದಾಸೋಹವಾದರೆ, ಆ ಅಕ್ಷರದಲ್ಲಿ ಬರೆದಿರುವ ಕಾನೂನನ್ನು ಓದಿ ಹೇಳುವುದೂ ದಾಸೋಹವೇ ಅಲ್ಲವೇ?

ದೂರದ ದೇಶದ ಮಾತೊಂದನ್ನೂ ಹೇಳುತ್ತೇವೆ. 1939ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಎರಡನೇ ಮಹಾಯುದ್ಧಕ್ಕೆ ಇಳಿದ ಮರುದಿನವೇ ಇಂಗ್ಲೆಂಡಿನ ಊರೂರುಗಳಲ್ಲಿ ಸುಮಾರು 200 ನಾಗರಿಕ ಸಲಹಾ ಕೇಂದ್ರಗಳು ತೆರೆದವು. ಕುಳಿತವರು ಹೆಚ್ಚಾಗಿ ಸಂಬಳವಿಲ್ಲದ ಸೇವಕರು. ಪಡಿತರ ಚೀಟಿ ಕಳೆದವರು, ಸಾಲದಲ್ಲಿ ಸಿಕ್ಕವರು, ಮನೆ ಬಿದ್ದವರು ಅಲ್ಲಿಗೆ ಬರುತ್ತಿದ್ದರು. ಬಾಂಬು ಬಿದ್ದ ಕಡೆಗೆ ಕುದುರೆ ಸಾಗಿಸುವ ಗಾಡಿಯನ್ನೇ ಕಚೇರಿ ಮಾಡಿಕೊಂಡು ಹೋದದ್ದೂ ಉಂಟು. ನಮ್ಮ ದೇಶದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಲ್ಲಿ ಹಳ್ಳಿಯ ಜನರನ್ನು ಸೇರಿಸಿ ಕಾಮಗಾರಿಯ ಲೆಕ್ಕಪತ್ರಗಳನ್ನು ಗಟ್ಟಿಯಾಗಿ ಓದಿಸಿದರು. ದುಡಿಯದವರ ಹೆಸರು ಹಾಜರಿಯಲ್ಲಿ ಇದ್ದದ್ದು ಊರಿಗೆಲ್ಲ ತಿಳಿಯಿತು. ಅಂಥ ಚಳವಳಿಗಳಿಂದಲೇ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದದ್ದು. ಎರಡು ಕಡೆಯೂ ನಡೆದದ್ದು ಒಂದೇ ಕೆಲಸ: ಬಲ್ಲವರು ಬಲ್ಲದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ.

ಇಷ್ಟರವರೆಗೆ ಬರತಕ್ಕ ಬಾಕಿಯ ಮಾತಾಯಿತು. ಆದರೆ ಹಿರಿಯರ ಪ್ರಶ್ನೆಯಲ್ಲಿ ಸತ್ಯದ ಒಂದು ಅಂಶವೂ ಇದೆ. ನಮ್ಮದಲ್ಲದ್ದನ್ನು ಬರತಕ್ಕದ್ದೆಂದು ಬರೆದುಕೊಂಡರೆ ಅದು ಬೇಡುವುದಕ್ಕಿಂತಲೂ ಕೀಳು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಂದಿಗೆ ಬೇಕಾದಷ್ಟು ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದವರು ಲಕ್ಕಮ್ಮನವರು. ಆಕೆಯೂ ಬಡವೆಯೇ. ಆದರೆ ತಮ್ಮದೆಷ್ಟು ಎಂಬ ಗೆರೆ ಆಕೆಗೆ ಸ್ಪಷ್ಟವಾಗಿತ್ತು.

ಆ ಗೆರೆ ಇಂದು ನಮ್ಮಲ್ಲಿ ಎಷ್ಟು ಜನಕ್ಕೆ ಸ್ಪಷ್ಟವಿದೆ? ಮಾಳಿಗೆ ಮನೆ, ಟ್ರ್ಯಾಕ್ಟರ್ ಇಟ್ಟುಕೊಂಡು ಬಡವರ ಅಕ್ಕಿಯ ಕಾರ್ಡು ಪಡೆದವರು ಇದ್ದಾರೆ. ಆಂಧ್ರದಲ್ಲಿ 2009ರಲ್ಲಿ ವೀರಶೈವ ಲಿಂಗಾಯತರನ್ನು ಹಿಂದುಳಿದ ವರ್ಗಗಳ 'ಡಿ' ಗುಂಪಿಗೆ ಸೇರಿಸಲಾಯಿತು. ಅರ್ಹ ಮಕ್ಕಳು ಅದನ್ನು ತಲೆಯೆತ್ತಿ ಕೇಳಲಿ. ಆದರೆ ಅದು ಸಾಲದೆಂದು ತಮ್ಮದಲ್ಲದ ಜಾತಿಯ ಹೆಸರಿನಲ್ಲಿ ಪತ್ರ ಮಾಡಿಸಿ, ಶತಮಾನಗಳಿಂದ ತುಳಿತಕ್ಕೊಳಗಾದವರ ಸೀಟನ್ನು ಕಸಿಯುವುದು ಬಸವಣ್ಣನವರ ಹೆಸರು ಹೇಳುವವರಿಗೆ ಸಲ್ಲದು. ಇದನ್ನು ಬರೆಯುವ ಯೋಗ್ಯತೆ ನಮಗೆ ಪೂರ್ತಿ ಇಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇವೆ. ಹಲವು ವರ್ಷಗಳ ಹಿಂದೆ ಮಠಕ್ಕೆ ಧಾರಾಳವಾಗಿ ಕೊಡುತ್ತಿದ್ದ ಒಬ್ಬರು, ತಮಗೆ ಆದಾಯ ಕಡಿಮೆ ಎಂದು ಮಠದ ಕಾಗದದಲ್ಲಿ ಬರೆದು ಕೊಡಿ ಎಂದು ಕೇಳಿದರು. ದಾಕ್ಷಿಣ್ಯಕ್ಕೆ ಸಹಿ ಹಾಕಿದೆವು. ಅವರ ಮಗನಿಗೆ ಸಿಕ್ಕ ಶುಲ್ಕ ವಿನಾಯಿತಿ ಯಾವ ಬಡ ಹುಡುಗನಿಗೆ ತಪ್ಪಿತೋ ನಮಗೆ ಗೊತ್ತಿಲ್ಲ. ಪೂಜ್ಯರ ಮುಂದೆ ಹೇಳಿಕೊಂಡಾಗ, "ಇನ್ನೊಂದು ಅಂಥ ಸಹಿ ಹಾಕುವ ಮೊದಲು ಮೊಹರನ್ನು ನಮ್ಮ ಕೈಗೆ ಕೊಟ್ಟುಬಿಡಿ" ಎಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಆ ಮೇಲೆ ಅಂಥ ಕಾಗದಕ್ಕೆ ಸಹಿ ಹಾಕಿಲ್ಲ.

ಇನ್ನು ಕೊಡತಕ್ಕ ಬಾಕಿ. ಇದನ್ನು ಓದುವಾಗ ಕೆಲವರಿಗೆ ಬೇಸರವಾಗಬಹುದು, ಆದರೂ ಬರೆಯದೆ ವಿಧಿಯಿಲ್ಲ. ಪೆನುಕೊಂಡ, ಮಡಕಶಿರಾ, ಕಲ್ಯಾಣದುರ್ಗದ ಕಡೆ ನಮ್ಮ ಭಕ್ತರಲ್ಲಿ ಹೊಲವನ್ನು ಗುತ್ತಿಗೆಗೆ, ಕೋರಿಗೆ ಕೊಟ್ಟವರು ಬಹಳ. ಗುತ್ತಿಗೆ ರೈತನಿಗೆ ಬೆಳೆಸಾಲ, ಬೆಳೆನಷ್ಟದ ಪರಿಹಾರ ಸಿಗಬೇಕೆಂದು ಆಂಧ್ರದಲ್ಲಿ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ಮಾಡಿದರು. ಅದರಂತೆ ಕೊಡುವ ಪತ್ರದ ಅವಧಿ 11 ತಿಂಗಳು. ಅದರಿಂದ ಭೂಮಿಯ ಒಡೆತನಕ್ಕೆ ಬಾಧೆಯಿಲ್ಲವೆಂದು ಕಾಯ್ದೆಯಲ್ಲಿಯೇ ಇದೆ. ಅದಕ್ಕೆ ಬೇಕಾದದ್ದು ಭೂಮಾಲೀಕನ ಒಪ್ಪಿಗೆಯ ಸಹಿ. ಆ ಸಹಿ ಹಾಕಲು ಎಷ್ಟು ಜನ ಮುಂದೆ ಬಂದೆವು? "ಇವತ್ತು ಸಹಿ ಹಾಕಿದರೆ ನಾಳೆ ಹೊಲವೇ ಹೋಗುತ್ತದೆ" ಎಂಬ ಭಯ. ಆ ಭಯ ಸುಳ್ಳೆನ್ನುವುದಿಲ್ಲ. ಭೂಮಿ ಕಳೆದುಕೊಂಡ ಕಥೆಗಳನ್ನು ಕೇಳಿ ಬೆಳೆದವರು ನಾವು. ಆದರೆ ಮಳೆ ಕೈಕೊಟ್ಟ ವರ್ಷ ಬೀಜ, ಗೊಬ್ಬರದ ಸಾಲ ಹೊರುವವನು ಗುತ್ತಿಗೆಯವನು, ಪರಿಹಾರದ ಹಣ ಬರುವುದು ಪಾಸ್ ಪುಸ್ತಕದಲ್ಲಿ ಹೆಸರಿದ್ದವನಿಗೆ ಎಂದರೆ ಅದನ್ನು ಯಾವ ಧರ್ಮ ಒಪ್ಪೀತು? ಆ ಹಣ ನಿಮ್ಮ ಖಾತೆಗೆ ಬಂದರೂ ನಿಮ್ಮ ಪುಸ್ತಕದಲ್ಲಿ ಅದು ಕೊಡತಕ್ಕ ಬಾಕಿಯೇ. ಮಂಡಿಯ ಹಮಾಲರ ಕೂಲಿ, ಅಂಗಡಿಯಲ್ಲಿ ದುಡಿಯುವ ಹುಡುಗನ ಸಂಬಳ ಮತ್ತು ರಜೆ, ಅಕ್ಕತಂಗಿಯರಿಗೆ ಆಸ್ತಿಯಲ್ಲಿ ಸಲ್ಲಬೇಕಾದ ಪಾಲು, ಇವೂ ಹಾಗೆಯೇ. ಆಂಧ್ರದಲ್ಲಿ 1985ರಿಂದಲೂ, ದೇಶಕ್ಕೆಲ್ಲ 2005ರಿಂದಲೂ ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಭಾಗಿಗಳು. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವನು ದೊಡ್ಡ ಜಂಗಮಾರಾಧನೆ ಮಾಡಿದರೂ ಲೆಕ್ಕ ಚುಕ್ತಾ ಆಗುವುದಿಲ್ಲ.

ಆದ್ದರಿಂದ ಹಿರಿಯರಿಗೆ ನಮ್ಮ ಉತ್ತರ ಇದು. ಬೇಡುವವನು ಇನ್ನೊಬ್ಬರದನ್ನು ಅವರ ಕರುಣೆಯಿಂದ ಪಡೆಯುತ್ತಾನೆ. ಹಕ್ಕು ಕೇಳುವವನು ತನಗೆ ಸಲ್ಲಬೇಕಾದದ್ದನ್ನು ಕೇಳುತ್ತಾನೆ, ಅದಕ್ಕಿಂತ ಒಂದು ಕಾಳು ಹೆಚ್ಚು ಕೇಳುವುದಿಲ್ಲ. ಇನ್ನೊಬ್ಬ ತನ್ನೆದುರು ಬಂದು ಅವನ ಹಕ್ಕು ಕೇಳಿದಾಗ ಮುಖ ತಿರುಗಿಸುವುದೂ ಇಲ್ಲ. ಈ ಮೂರೂ ಕೂಡಿದಲ್ಲಿ ಮಾತ್ರ ಅದು ಹಕ್ಕು. ಮೊದಲನೆಯದನ್ನು ಹಿಡಿದು ಉಳಿದ ಎರಡನ್ನು ಬಿಟ್ಟರೆ ಹಿರಿಯರು ಹೆದರಿದ್ದು ನಿಜವಾಗುತ್ತದೆ.

ಇನ್ನು ಭಕ್ತರಿಗೆ ಉಪಯೋಗವಾಗುವ ಕೆಲವು ವಿಷಯಗಳನ್ನು ಕೆಳಗೆ ತಿಳಿಸಿದ್ದೇವೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ಸಂತೋಷ.

ಅರ್ಜಿಯ ಭಾಷೆಗೆ ಹೆದರಬೇಡಿ. ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದುಕೊಡಲು ಪ್ರತಿಯೊಬ್ಬರಿಗೂ ಸಂವಿಧಾನದ 350ನೇ ವಿಧಿ ಹಕ್ಕು ಕೊಟ್ಟಿದೆ. ಕನ್ನಡದಲ್ಲಿ ಬರೆದ ಮನವಿಯನ್ನು ಕನ್ನಡವೆಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಕೆಲಸ ಬೇಗ ಆಗಬೇಕಾದರೆ ಜೊತೆಗೆ ತೆಲುಗಿನ ಪ್ರತಿಯೊಂದನ್ನು ಇಡುವುದು ಜಾಣತನ. ತೆಲುಗಿನಲ್ಲಿ ಬರೆದುಕೊಡುವ ಯುವಕರು ನಮ್ಮ ಮೇಜಿನಲ್ಲಿದ್ದಾರೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ನ್ಯಾಯ ಬಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ಹತ್ತಿರದ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ, ಅಥವಾ 15100 ಸಂಖ್ಯೆಗೆ ದೂರವಾಣಿ ಮಾಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಕ್ಕೆ ಬರುತ್ತದೆ. ಆದರೆ ಆ ತೀರ್ಪಿನ ಮೇಲೆ ಅಪೀಲು ಇಲ್ಲ. ಪೂರ್ತಿ ತಿಳಿದ ಮೇಲೆಯೇ ಸಹಿ ಹಾಕಿ.

ಅರ್ಜಿ ಕೊಟ್ಟ ಮೇಲೆ ರಶೀದಿ ಕೇಳಿ ಪಡೆಯಿರಿ. ರಶೀದಿಯಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ. ಅದು ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿಗಿಂತ ಹೆಚ್ಚಿಲ್ಲ, ಬಡತನ ರೇಖೆಯ ಕೆಳಗಿರುವವರಿಗೆ ಅದೂ ಇಲ್ಲ.

ಜನನ, ಮರಣವನ್ನು 21 ದಿನದೊಳಗೆ ನಡೆದ ಸ್ಥಳದಲ್ಲಿಯೇ ನೋಂದಾಯಿಸಿ. ಹೆರಿಗೆಗೆ, ಕಾಯಿಲೆಗೆ ಪಾವಗಡ, ತುಮಕೂರು, ಬೆಂಗಳೂರಿಗೆ ಹೋಗುವ ನಮ್ಮ ಜನ ಇದನ್ನು ಮುಖ್ಯವಾಗಿ ನೆನಪಿಡಬೇಕು. ಊರಿಗೆ ಬಂದ ಮೇಲೆ ನೋಡೋಣ ಎಂದರೆ ಆ ತಾಯಿಗಾದದ್ದೇ ಆಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳು ಗಮನಿಸಿ: ಮಡಕಶಿರಾ, ರಾಯದುರ್ಗ ಮೊದಲಾದ ಗಡಿ ತಾಲೂಕುಗಳ ಕನ್ನಡ ಮಕ್ಕಳಿಗೆ ಕರ್ನಾಟಕದ ವೃತ್ತಿ ಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂದು ಅವಕಾಶವಿದೆ. ಆಯಾ ವರ್ಷದ ನಿಯಮ ನೋಡಿ, ಪತ್ರಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ.

ಯಾರಿಗೂ ಮೂಲ ಪತ್ರಗಳನ್ನು ಬಿಟ್ಟು ಬರಬೇಡಿ, ನಕಲು ಕೊಡಿ. ಫೋನಿಗೆ ಬಂದ ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ, ಮಠದ ಹೆಸರು ಹೇಳಿದರೂ ಹೇಳಬೇಡಿ.

ಪ್ರತಿ ಹುಣ್ಣಿಮೆಯಂದು ದಾಸೋಹದ ನಂತರ ಮಠದ ಜಗಲಿಯಲ್ಲಿ ಮೇಜು ಇರುತ್ತದೆ. ನಿವೃತ್ತ ಉಪಾಧ್ಯಾಯರೊಬ್ಬರು, ಪದವಿ ಓದಿದ ಇಬ್ಬರು ಯುವಕರು ಮತ್ತು ನಾವು ಇರುತ್ತೇವೆ. ಅಲ್ಲಿ ಹಣ ಕೇಳುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಜಾತಿ ಕೇಳುವುದು ಅರ್ಜಿಯ ನಮೂನೆಯಲ್ಲಿ ಬರೆಯಲು ಬೇಕಾದಾಗ ಮಾತ್ರ. ಕೆಲಸ ಆಗಿಯೇ ತೀರುತ್ತದೆಂದು ಮಾತು ಕೊಡುವುದಿಲ್ಲ. ದಾರಿ ಯಾವುದೆಂದು ಹೇಳುತ್ತೇವೆ, ಬೇಕಾದರೆ ಜೊತೆಗೆ ಬರುತ್ತೇವೆ. ಸುಳ್ಳು ಬರೆದುಕೊಡುವುದಿಲ್ಲ.

ಆ ತಾಯಿ ಈಗಲೂ ಮಠಕ್ಕೆ ಬರುತ್ತಾರೆ. 2024ರ ಮಧ್ಯದಲ್ಲಿ ಪಿಂಚಣಿ 4,000 ರೂಪಾಯಿ ಆದ ಮೇಲೆ ಒಂದು ದಿನ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ನಮ್ಮ ಮುಂದೆ ಇಟ್ಟರು. "ಇದ್ಯಾಕಮ್ಮ?" ಎಂದೆವು. "ಇಷ್ಟು ದಿವಸ ಉಂಡೆನಲ್ಲ ಸ್ವಾಮಿ, ಇವತ್ತಿನ ಅಕ್ಕಿಗೆ ನಂದೂ ಇರಲಿ" ಎಂದರು. ರಶೀದಿ ಬರೆದು ಕೊಟ್ಟೆವು. ಪಿಂಚಣಿ ಬಂದರೆ ಜನ ಸೋಮಾರಿಗಳಾಗುತ್ತಾರೆಂಬ ಮಾತು ಅಂದಿನಿಂದ ನಮ್ಮ ಬಾಯಲ್ಲಿ ಬಂದಿಲ್ಲ. ಹಕ್ಕು ಸಿಕ್ಕಿದ ಕೈ ಮೊದಲು ಮಾಡಿದ ಕೆಲಸ ದಾಸೋಹಕ್ಕೆ ಕೊಟ್ಟದ್ದು.

ಹಿರಿಯರು ಮುಂದಿನ ಹುಣ್ಣಿಮೆಗೆ ಬರುವಾಗ ಒಂದು ಉಪಕಾರ ಮಾಡಬೇಕೆಂದು ಈ ಮೂಲಕ ಕೋರುತ್ತೇವೆ. ತಮ್ಮ ಮಂಡಿಯ ಹಮಾಲರಲ್ಲಿ, ತಮ್ಮ ಹೊಲ ಮಾಡುವವರಲ್ಲಿ ಯಾರಿಗೆ ಬರಬೇಕಾದದ್ದು ಬಂದಿಲ್ಲವೋ ಕೇಳಿ, ಅಂಥ ಒಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ಮೇಜಿನ ಈಚೆ ಒಂದು ಕುರ್ಚಿ ತಮಗಾಗಿ ಕಾದಿರುತ್ತದೆ. ಲೆಕ್ಕ ಬಲ್ಲವರು ನಮಗೆ ಇನ್ನೂ ಬೇಕಾಗಿದ್ದಾರೆ.


ಕಾರ್ಯದರ್ಶಿ